ಬೆನಗಲ್ ನರಸಿಂಗರಾಯರು

ನಮ್ಮ ರಾಜ್ಯಾಂಗದ ಮೊದಲ ಕರಡನ್ನು ಸಿದ್ಧಪಡಿಸಿದವರೆಂದು ಬೆನಗಲ್ ನರಸಿಂಗರಾಯರನ್ನು ನಾವೆಲ್ಲ ಬಲ್ಲೆವು. ಅವರ ಬಾಳಿನ ಇನ್ನೊಂದು ಮುಖ ಅಷ್ಟು ಪರಿಚಿತವಲ್ಲ.

1887ರಲ್ಲಿ ಮಂಗಳೂರಿನಲ್ಲಿ ಜನಿಸಿದ ರಾಯರು ಅಲ್ಲಿನ ಕೆನರಾ ಹೈಸ್ಕೂಲಿನಲ್ಲಿಯೂ ಮದರಾಸು, ಕೇಂಬ್ರಿಜ್‌ಗಳಲ್ಲಿಯೂ ಓದಿ ಐ.ಸಿ.ಎಸ್. ಸೇರಿದರು, ಮುಂದೆ ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾದರು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ನಾಜಿ ನಾಯಕರ ವಿಚಾರಣೆ ನಡೆದು 1946ರಲ್ಲಿ ತೀರ್ಪಾಯಿತು. ಆ ತೀರ್ಪಿನ ತತ್ತ್ವಗಳನ್ನು ನಿಯಮಗಳಾಗಿ ಬರೆದಿಡುವ ಹೊಣೆಯನ್ನು ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಕಾನೂನು ಆಯೋಗಕ್ಕೆ ವಹಿಸಿತು. 1948ರಲ್ಲಿ ಚುನಾಯಿತರಾದ ಅದರ ಪ್ರಥಮ ಸದಸ್ಯರಲ್ಲಿ ರಾಯರೂ ಒಬ್ಬರು. 1950ರಲ್ಲಿ ಆಯೋಗವು ಏಳು ತತ್ತ್ವಗಳನ್ನು ನಿರೂಪಿಸಿತು. ರಾಷ್ಟ್ರದ ಮುಖ್ಯಸ್ಥನಾದರೂ ಯುದ್ಧಾಪರಾಧಕ್ಕೆ ಹೊಣೆಗಾರನೇ. ಬೇರೆ ದಾರಿ ಹಿಡಿಯಲು ಸಾಧ್ಯವಿದ್ದಾಗ, ಮೇಲಿನವರ ಅಪ್ಪಣೆಯಂತೆ ನಡೆದೆನೆಂಬ ನೆಪ ಸಲ್ಲದು. ಆದರೂ ಆರೋಪಿಗೆ ನ್ಯಾಯವಾದ ವಿಚಾರಣೆಯ ಹಕ್ಕುಂಟು. ಇವು ಅವುಗಳಲ್ಲಿ ಮುಖ್ಯವಾದವು. 1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದ ರಾಯರು ಮರುವರ್ಷವೇ ಜ್ಯೂರಿಕ್‌ನಲ್ಲಿ ನಿಧನ ಹೊಂದಿದರು.

ಬನಶಂಕರಿಯ ನಮ್ಮ ಮನೆಯಲ್ಲಿ ಪದವಿ ತರಗತಿಗೆ ಬಂದವನು ನಾನೇ ಮೊದಲಿಗ. ಹಿರಿಯರ ಮಾತು ಮೀರಬಾರದೆಂದೇ ಕಲಿತು ಬೆಳೆದವನು. ನಾಳೆ ಸರ್ಕಾರಿ ಕಚೇರಿಗಳಲ್ಲಿ ಕೂರಲಿರುವ ನಾವು, ಅನ್ಯಾಯದ ಅಪ್ಪಣೆಗೆ ಸಹಿ ಹಾಕಿದ ಕೈಯೂ ಲೆಕ್ಕ ಒಪ್ಪಿಸಬೇಕಾಗುತ್ತದೆಂಬುದನ್ನು ಮರೆಯದಿದ್ದರೆ, ರಾಯರಂಥವರ ಶ್ರಮ ಸಾರ್ಥಕವಾದಂತೆ.