ದ್ರಾಕ್ಷಿ ತೋಟದ ಗೆಳೆಯ ಲೂಯಿ ಪಾಶ್ಚರ್

ಬಲಿಪೂಜೆಗೆ ಬಳಸುವ ದ್ರಾಕ್ಷಾರಸವು ದ್ರಾಕ್ಷಿಯಿಂದಲೇ ತಯಾರಾಗಿರಬೇಕು, ಕೆಟ್ಟಿರಬಾರದು ಎಂಬುದು ಧರ್ಮಸಭೆಯ ನಿಯಮ. ದ್ರಾಕ್ಷಾರಸ ಕೆಡುವುದೇಕೆ, ಅದನ್ನು ಕಾಪಾಡುವುದು ಹೇಗೆ ಎಂಬುದನ್ನು ಲೋಕಕ್ಕೆ ತಿಳಿಸಿದವರು ಫ್ರಾನ್ಸಿನ ಕಥೋಲಿಕ ವಿಜ್ಞಾನಿ ಲೂಯಿ ಪಾಶ್ಚರ್. ಹುಚ್ಚುನಾಯಿ ಕಡಿತಕ್ಕೆ ಲಸಿಕೆ ನೀಡಿ 1885ರಲ್ಲಿ ವಿಶ್ವವಿಖ್ಯಾತರಾದ ಇವರು ಅದಕ್ಕೆ ಎಷ್ಟೋ ಮುನ್ನವೇ ದ್ರಾಕ್ಷಿ ಬೆಳೆಗಾರರ ನೆಲಮಾಳಿಗೆಗಳಲ್ಲಿ ದುಡಿದಿದ್ದರು.

1822ರ ಡಿಸೆಂಬರ್ 27ರಂದು ದೋಲ್ ಪಟ್ಟಣದಲ್ಲಿ ಪಾಶ್ಚರ್ ಜನಿಸಿದರು. ತಂದೆ ಚರ್ಮ ಹದ ಮಾಡುವ ಕಸುಬಿನವರು. ಬಾಲ್ಯ ಕಳೆದದ್ದು ದ್ರಾಕ್ಷಿ ತೋಟಗಳ ನಾಡಾದ ಅರ್ಬ್ವಾದಲ್ಲಿ. ಲಿಲ್ ನಗರದಲ್ಲಿ ಪ್ರಾಧ್ಯಾಪಕರಾಗಿದ್ದಾಗ, 1856ರಲ್ಲಿ, ಬೀಟ್‌ನಿಂದ ಮದ್ಯಸಾರ ತಯಾರಿಸುತ್ತಿದ್ದ ಸ್ಥಳೀಯ ಉದ್ಯಮಿಯೊಬ್ಬರು ನಷ್ಟದಿಂದ ಕಂಗೆಟ್ಟು ಇವರ ನೆರವು ಕೋರಿದರು. ಕಾರ್ಖಾನೆಯ ರಸವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾ ಹೋದ ಪಾಶ್ಚರರಿಗೆ, ಹುದುಗುವಿಕೆಯು ಸಜೀವ ಸೂಕ್ಷ್ಮಾಣುಗಳ ಕೆಲಸವೆಂಬುದು ಮನದಟ್ಟಾಯಿತು.

ಆಗ ಫ್ರಾನ್ಸಿನ ದ್ರಾಕ್ಷಾರಸ ಹೊರದೇಶಗಳಿಗೆ ಹೋಗುವ ದಾರಿಯಲ್ಲೇ ಹುಳಿಯಾಗುತ್ತಿತ್ತು, ಕಹಿಯಾಗುತ್ತಿತ್ತು. ಬೆಳೆಗಾರನ ವರ್ಷದ ದುಡಿಮೆ ಪೀಪಾಯಿಯಲ್ಲೇ ಹಾಳಾಗುತ್ತಿತ್ತು. 1863ರಲ್ಲಿ ಚಕ್ರವರ್ತಿ ಮೂರನೆಯ ನೆಪೋಲಿಯನ್ ಇದರ ಕಾರಣ ಹುಡುಕುವಂತೆ ಪಾಶ್ಚರರನ್ನು ಕೇಳಿಕೊಂಡರು. ಅವರು ಶಿಷ್ಯರೊಡನೆ ಅರ್ಬ್ವಾಕ್ಕೆ ತೆರಳಿ, ಹಳೆಯ ಕಾಫಿ ಅಂಗಡಿಯೊಂದನ್ನೇ ಪ್ರಯೋಗಶಾಲೆ ಮಾಡಿಕೊಂಡರು. ಊರಿನ ಬಡಗಿ, ಕಮ್ಮಾರರು ಉಪಕರಣಗಳನ್ನು ಮಾಡಿಕೊಟ್ಟರು. ಬಾಲ್ಯದ ಗೆಳೆಯರು ತಮ್ಮ ನೆಲಮಾಳಿಗೆಗಳನ್ನು ತೆರೆದುಕೊಟ್ಟರು. ದ್ರಾಕ್ಷಾರಸದ ಒಂದೊಂದು ರೋಗಕ್ಕೂ ಅದರದೇ ಆದ ಸೂಕ್ಷ್ಮಾಣು ಇದೆಯೆಂದು ಅಲ್ಲಿ ಕಂಡುಬಂತು.

ಪರಿಹಾರ ಸರಳವಾಗಿತ್ತು: ಗಾಳಿ ತಾಗದಂತೆ ರಸವನ್ನು 50ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗೆ ಸ್ವಲ್ಪ ಕಾಲ ಕಾಯಿಸಬೇಕು. ಕಾಯಿಸಿದರೆ ರುಚಿ ಕೆಡುವುದೆಂದು ಹಲವರು ಅಂಜಿದರು. ಪಾಶ್ಚರ್ ವಾದಕ್ಕೆ ನಿಲ್ಲದೆ ಪ್ಯಾರಿಸಿನ ನುರಿತ ವರ್ತಕರಿಗೇ ರುಚಿ ನೋಡಲು ಕೊಟ್ಟರು. ನೌಕಾಪಡೆಯೂ ಕೈಜೋಡಿಸಿತು. 500 ಲೀಟರ್ ರಸದಲ್ಲಿ ಅರ್ಧವನ್ನು ಕಾಯಿಸಿ, ಅರ್ಧವನ್ನು ಹಾಗೆಯೇ ಇಟ್ಟು ಹಡಗಿನಲ್ಲಿ ಕಳುಹಿಸಲಾಯಿತು. ಹತ್ತು ತಿಂಗಳ ಯಾನದ ಬಳಿಕ ಕಾಯಿಸಿದ ರಸ ಸವಿಯಾಗಿಯೇ ಇತ್ತು. ಕಾಯಿಸದಿದ್ದುದು ಹುಳಿಗೆ ತಿರುಗತೊಡಗಿತ್ತು.

1865ರಲ್ಲಿ ಈ ವಿಧಾನದ ಪೇಟೆಂಟ್ ಪಡೆದ ಪಾಶ್ಚರ್, ಅದರಿಂದ ಹಣ ಗಳಿಸದೆ ಸರ್ವರ ಬಳಕೆಗೂ ಬಿಟ್ಟುಕೊಟ್ಟರು. ಅದೇ ವರ್ಷ ತಂದೆಯನ್ನೂ ಎರಡು ವರ್ಷದ ಮಗಳು ಕಮೀಲ್‌ಳನ್ನೂ ಕಳೆದುಕೊಂಡರು. ಮರುವರ್ಷ ಮಗಳು ಸೆಸೀಲ್ ವಿಷಮಶೀತ ಜ್ವರಕ್ಕೆ ತುತ್ತಾದಳು. ಆ ದುಃಖದ ವರ್ಷದಲ್ಲೇ ದ್ರಾಕ್ಷಾರಸವನ್ನು ಕುರಿತ ಅವರ ಗ್ರಂಥ ಪ್ರಕಟವಾಯಿತು. 1868ರಲ್ಲಿ ಪಾರ್ಶ್ವವಾಯು ಬಡಿದು ದೇಹದ ಎಡಭಾಗ ಸ್ವಾಧೀನ ತಪ್ಪಿದರೂ ದುಡಿಮೆ ನಿಲ್ಲಲಿಲ್ಲ. ಅರ್ಬ್ವಾದ ಬಳಿ ತಾವೇ ತೋಟ ಕೊಂಡು, 1878ರಲ್ಲಿ ಬಳ್ಳಿಗಳಿಗೆ ಗಾಜಿನ ಮನೆ ಕಟ್ಟಿ, ಗೊಂಚಲುಗಳಿಗೆ ಹತ್ತಿ ಸುತ್ತಿಸಿದರು. ಹೊರಗಿನ ಯೀಸ್ಟ್ ತಾಗದ ಆ ಹಣ್ಣುಗಳ ರಸ ಹುದುಗಲಿಲ್ಲ. ಯೀಸ್ಟ್ ಹಣ್ಣಿನ ಒಳಗೆ ಹುಟ್ಟುವುದಿಲ್ಲ, ಹೊರಗಿನಿಂದ ಬರುತ್ತದೆಂಬುದು ಹೀಗೆ ಖಚಿತವಾಯಿತು.

ಉತ್ತಮ ದರ್ಜೆಯ ದ್ರಾಕ್ಷಾರಸ ತಯಾರಿಸುವವರು ಕಾಯಿಸುವ ಪದ್ಧತಿಯನ್ನು ಹೆಚ್ಚಾಗಿ ಅನುಸರಿಸಲಿಲ್ಲ. ಆದರೆ ಸೂಕ್ಷ್ಮಾಣುಗಳ ಅರಿವು ಅವರ ಕಸುಬಿಗೇ ಅಡಿಪಾಯವಾಯಿತು. ಕಾಯಿಸುವ ವಿಧಾನವೋ ಹಾಲಿನ ಮೂಲಕ ಮನೆಮನೆಗೂ ಬಂತು. ನಮ್ಮ ಹಾಲಿನ ಪೊಟ್ಟಣದ ಮೇಲೂ ಪಾಶ್ಚರರ ಹೆಸರಿನಿಂದ ಬಂದ ಪದವಿದೆ.

1895ರ ಸೆಪ್ಟೆಂಬರ್ 28ರಂದು ಪಾಶ್ಚರ್ ನಿಧನರಾದರು. ಪ್ಯಾರಿಸಿನ ನೋತ್ರ್ ದಾಮ್ ಪ್ರಧಾನಾಲಯದಲ್ಲಿ ಸರ್ಕಾರಿ ಗೌರವದೊಂದಿಗೆ ಅಂತ್ಯವಿಧಿ ನೆರವೇರಿತು. ರೈತ, ಬಡಗಿ, ವರ್ತಕ, ನಾವಿಕ ಇವರೆಲ್ಲರ ಜೊತೆ ಸೇರಿ ಸತ್ಯವನ್ನು ಅರಸಿದ ಈ ಮಹನೀಯರು, ತಮಗೆ ದೊರೆತುದನ್ನು ಎಲ್ಲರೊಡನೆ ಹಂಚಿಕೊಂಡರು. ಜ್ಞಾನವುಳ್ಳವರಿಗೆ ಅವರ ಬಾಳು ಇಂದಿಗೂ ಒಂದು ಪಾಠ.