ಗಾರ್ಸಿಯಾ ದ ಓರ್ತಾ

ಗಾರ್ಸಿಯಾ ದ ಓರ್ತಾ (ಸು. 1501–1568) ಗೋವೆಯಲ್ಲಿ ನೆಲೆಸಿದ್ದ ಪೋರ್ಚುಗೀಸ್ ವೈದ್ಯ, ಸಸ್ಯವಿಜ್ಞಾನಿ. ಭಾರತದ ಮೂಲಿಕೆಗಳನ್ನು ಇಲ್ಲಿಯೇ ಇದ್ದು ಪರಿಶೀಲಿಸಿ ಯುರೋಪಿಗೆ ಪರಿಚಯಿಸಿದವರಲ್ಲಿ ಮೊದಲಿಗ.

ಹುಟ್ಟಿದ್ದು ಪೋರ್ಚುಗಲ್ಲಿನ ಕಾಸ್ತೆಲೊ ದೆ ವಿದೆ ಎಂಬ ಊರಿನಲ್ಲಿ. ತಂದೆತಾಯಿಗಳು ಸ್ಪೇನಿನಿಂದ ಹೊರದೂಡಲ್ಪಟ್ಟು, ಅನಂತರ ಬಲವಂತವಾಗಿ ಕ್ರೈಸ್ತರಾದ ಯೆಹೂದ್ಯರು. ಸಲಾಮಾಂಕಾ ಮತ್ತು ಅಲ್ಕಾಲಾಗಳಲ್ಲಿ ವ್ಯಾಸಂಗ ಮಾಡಿದ ಈತ ಲಿಸ್ಬನ್ನಿನಲ್ಲಿ ಅಧ್ಯಾಪಕನಾಗಿದ್ದು, 1534ರಲ್ಲಿ ಮಾರ್ತಿಂ ಅಫೊನ್ಸೊ ದೆ ಸೋಸಾನ ನೌಕಾದಳದೊಂದಿಗೆ ಭಾರತಕ್ಕೆ ಬಂದ. ಮತ್ತೆ ತಾಯ್ನಾಡಿಗೆ ಮರಳಲಿಲ್ಲ. ಎರಡೇ ವರ್ಷಗಳಲ್ಲಿ ಅಲ್ಲಿ ಮತವಿಚಾರಣೆಯ ನ್ಯಾಯಾಲಯ ಸ್ಥಾಪನೆಯಾಯಿತೆಂಬುದನ್ನು ಇಲ್ಲಿ ನೆನೆಯಬಹುದು.

ಗೋವೆಯಲ್ಲಿ ಈತನ ವೈದ್ಯವೃತ್ತಿ ಪ್ರಸಿದ್ಧವಾಯಿತು. ಅಹಮದ್‌ನಗರದ ಬುರ್ಹಾನ್ ನಿಜಾಮ್ ಷಾನಿಗೂ ಚಿಕಿತ್ಸೆ ನೀಡಿದ. ಅಲ್ಲಿನ ಹಕೀಮರೊಡನೆ ಚರ್ಚಿಸಿದ. ಹಿಂದೂ ವೈದ್ಯರಿಂದಲೂ ಕಲಿತ.

ಈತನ ಏಕೈಕ ಗ್ರಂಥ 1563ರಲ್ಲಿ ಗೋವೆಯಲ್ಲಿಯೇ ಅಚ್ಚಾಯಿತು. ಪಂಡಿತರ ಲ್ಯಾಟಿನ್ನನ್ನು ಬಿಟ್ಟು ಪೋರ್ಚುಗೀಸಿನಲ್ಲಿ ಬರೆದ ಈ ಕೃತಿ, ಓರ್ತಾ ಮತ್ತು ರುವಾನೊ ಎಂಬ ಕಲ್ಪಿತ ವೈದ್ಯನ ನಡುವಿನ ಸಂಭಾಷಣೆಯ ರೂಪದಲ್ಲಿದೆ. ಕರ್ಪೂರ, ಏಲಕ್ಕಿ, ದಾಲ್ಚಿನ್ನಿ, ಭಂಗಿ, ದತ್ತೂರಿ, ಮಾವು ಮುಂತಾದವುಗಳ ವಿವರಣೆಯ ಜೊತೆಗೆ ಕಾಲರಾ ರೋಗಲಕ್ಷಣಗಳ ವರ್ಣನೆಯೂ ಉಂಟು. ಕಂಡದ್ದಕ್ಕೆ ವಿರುದ್ಧವಾದರೆ ಪ್ರಾಚೀನ ಗ್ರೀಕರ ಮಾತನ್ನೂ ಅಲ್ಲಗಳೆಯುವ ಧೈರ್ಯವೇ ಇದರ ಹಿರಿಮೆ. ಮಹಾಕವಿ ಕಮೋಯಿಂಶ್‌ನ ಮೊದಲ ಮುದ್ರಿತ ಕವಿತೆ ಇದರಲ್ಲಿಯೇ ಇದೆ. 1567ರಲ್ಲಿ ಕ್ಲೂಸಿಯಸ್ ಪ್ರಕಟಿಸಿದ ಲ್ಯಾಟಿನ್ ಸಂಗ್ರಹದ ಮೂಲಕ ಇದು ಯುರೋಪಿನಾದ್ಯಂತ ಹರಡಿತು.

ಗೋವೆಗೂ 1560ರಲ್ಲಿ ಮತವಿಚಾರಣೆ ಕಾಲಿಟ್ಟಿತ್ತು. ಓರ್ತಾ ಬದುಕಿರುವವರೆಗೆ ಶಿಕ್ಷೆಗೆ ಒಳಗಾಗಲಿಲ್ಲ. ಆದರೆ ಆತ ಸತ್ತ ಮರುವರ್ಷ, ಗುಪ್ತವಾಗಿ ಯೆಹೂದ್ಯ ಧರ್ಮವನ್ನು ಪಾಲಿಸುತ್ತಿದ್ದಳೆಂಬ ಆಪಾದನೆಯ ಮೇಲೆ ತಂಗಿ ಕತರಿನಾಳನ್ನು ಸುಡಲಾಯಿತು. 1580ರಲ್ಲಿ ಓರ್ತಾನ ಮೇಲೂ ಅದೇ ತೀರ್ಪು ಬಂದು, ಆತನ ಅಸ್ಥಿಗಳನ್ನು ಗೋರಿಯಿಂದ ಹೊರತೆಗೆದು ಸುಟ್ಟರು. ಪಣಜಿಯ ನಗರೋದ್ಯಾನಕ್ಕೆ ಈತನ ಹೆಸರಿದೆ.