ಸಾವೆಯ ಯೂಸುಫ್

ಬೆಳಗಾವಿಯ ಕೋಟೆಯೊಳಗೆ ಸಫಾ ಮಸೀದಿಯಿದೆ. 16ನೆಯ ಶತಮಾನದಲ್ಲಿ ಅದನ್ನು ಕಟ್ಟಿಸಿದವನು ಬಿಜಾಪುರದ ಸರದಾರನಾದ ಅಸದ್ ಖಾನ್ ಲಾರಿ. ಅವನ ಒಡೆಯರ ವಂಶವನ್ನು ಸ್ಥಾಪಿಸಿದವನು ಯೂಸುಫ್ ಆದಿಲ್ ಖಾನ್. ಪರದೇಶದಿಂದ ಗುಲಾಮನಾಗಿ ಬಂದು ದೊರೆಯಾದ ಈತನು ಹುಟ್ಟಿನಿಂದಲೇ ತುರ್ಕರ ರಾಜಕುಮಾರನೆಂಬ ಕಥೆಯೊಂದು ಬಹುಕಾಲ ಪ್ರಚಾರದಲ್ಲಿತ್ತು.

ಕಥೆಯನ್ನು ವಿಸ್ತರಿಸಿ ಬರೆದವನು ಇತಿಹಾಸಕಾರ ಫಿರಿಷ್ತಾ. 1451ರಲ್ಲಿ ಸುಲ್ತಾನ ಎರಡನೆಯ ಮುರಾದನು ಮಡಿದು, ಮಗ ಮಹಮ್ಮದನು ಪಟ್ಟವೇರಿದನು. ಸಿಂಹಾಸನಕ್ಕೆ ಪ್ರತಿಸ್ಪರ್ಧಿ ಇರಬಾರದೆಂದು ಎಳೆಯ ತಮ್ಮನನ್ನು ಕೊಲ್ಲಿಸಲು ಆಜ್ಞೆಯಾಯಿತು. ತಾಯಿಯು ಗುಲಾಮ ಬಾಲಕನೊಬ್ಬನನ್ನು ಮಗನ ಸ್ಥಾನದಲ್ಲಿರಿಸಿ, ಯೂಸುಫನನ್ನು ಪರ್ಷಿಯದ ಸಾವೆ ಎಂಬ ಊರಿನ ವರ್ತಕನಿಗೆ ಒಪ್ಪಿಸಿದಳು. ದೇವಕಿಯ ಕಂದನು ಗೋಕುಲಕ್ಕೆ ಹೋದುದನ್ನು ಕೇಳಿ ಬೆಳೆದ ನಮಗೆ ಇದು ಅಪರಿಚಿತವೆನಿಸದು. ಆದರೆ ರಾಜಪುತ್ರನಿಗೆ ಬದಲಾಗಿ ಸತ್ತ ಬಾಲಕನಿಗೂ ತಾಯಿಯೊಬ್ಬಳು ಇದ್ದಿರಬೇಕು; ಅವಳ ವಿಚಾರವನ್ನು ಕಥೆ ಎತ್ತುವುದಿಲ್ಲ.

ಮಹಮ್ಮದನು ಹಸುಳೆ ತಮ್ಮನನ್ನು ಕೊಲ್ಲಿಸಿದ್ದು ನಿಜ. ಉಳಿದುದಕ್ಕೆ ಆಧಾರವಿಲ್ಲ. ಫಿರಿಷ್ತಾ ಇದನ್ನು ಬರೆದದ್ದು ಯೂಸುಫನು ಕಾಲವಾಗಿ ಸುಮಾರು ನೂರು ವರ್ಷಗಳ ಮೇಲೆ, ಅದೂ ಯೂಸುಫನ ವಂಶಜನಾದ ಎರಡನೆಯ ಇಬ್ರಾಹಿಮನ ಆಶ್ರಯದಲ್ಲಿ. ಅದೇ ಆಸ್ಥಾನದ ರಫೀಉದ್ದೀನ್ ಶಿರಾಜಿಯು ಯೂಸುಫನನ್ನು ಸಾವೆಯ ಅಧಿಕಾರಿಯ ಮನೆತನದವನೆಂದು ಹೇಳಿದನು. ಪೋರ್ಚುಗೀಸರು ಯೂಸುಫನನ್ನು 'ಸಬಾಯೊ' ಎಂದು ಕರೆದರು. ಆ ಹೆಸರಿನಲ್ಲಿ ಕೇಳಿಸುವುದು ಸಾವೆಯೇ ಹೊರತು ತುರ್ಕರ ಅರಮನೆಯಲ್ಲ. ಗುಲಾಮನ ವಂಶವೆನಿಸಿಕೊಳ್ಳುವುದು ಅರಸುಮಕ್ಕಳಿಗೆ ಹಗುರವಾಗಿ ತೋರಿರಬೇಕು. ಇಂಥ ಪಿತೃತ್ವದ ಅಗತ್ಯವು ಯೂಸುಫನಿಗಿಂತ ಅವನ ಮೊಮ್ಮಕ್ಕಳಿಗೇ ಹೆಚ್ಚಾಗಿತ್ತೆಂದು ನನ್ನ ಅಭಿಪ್ರಾಯ.

ಏಕೆಂದರೆ ಅವನ ನಿಜವಾದ ಚರಿತ್ರೆಯೇನೂ ಸಣ್ಣದಲ್ಲ. ಕಡಲು ದಾಟಿ ದಾಭೋಳದಲ್ಲಿ ಇಳಿದ ಯುವಕನು ಬೀದರಿಗೆ ಬಂದು ಮಹಮೂದ್ ಗವಾನನ ಆಶ್ರಯ ಪಡೆದನು. ಅರಮನೆಯ ಸೇವೆಯಿಂದ ಸೇನೆಗೆ, ಸೇನೆಯಿಂದ ಪ್ರಾಂತದ ಅಧಿಕಾರಕ್ಕೆ ಏರಿದನು. 1481ರಲ್ಲಿ ಕೃತ್ರಿಮ ಪತ್ರವೊಂದನ್ನು ನಂಬಿದ ಸುಲ್ತಾನನು ಗವಾನನ ಶಿರಚ್ಛೇದ ಮಾಡಿಸಿದಾಗ ಬಹಮನಿ ರಾಜ್ಯದ ಬುಡವೇ ಅಲುಗಿತು. 1490ರ ಸುಮಾರಿಗೆ ಯೂಸುಫನು ಬಿಜಾಪುರದಲ್ಲಿ ಸ್ವತಂತ್ರನಾದನು.

ಖಾನಾಪುರದ ಪಡುವಣ ಕಾಡುಗಳಾಚೆ ಘಟ್ಟವಿಳಿದರೆ ಗೋವೆ. ಹಲಸಿಯಲ್ಲಿಯೂ ಗೋವೆಯಲ್ಲಿಯೂ ಕದಂಬರು ಆಳಿದ್ದ ಕಾಲದಿಂದಲೇ ಈ ಎರಡು ಸೀಮೆಗಳಿಗೆ ನಂಟಿತ್ತು. ಅರಬ್ಬೀ ಕುದುರೆಗಳು ಇಳಿಯುತ್ತಿದ್ದ ಆ ಬಂದರು ಕೈತಪ್ಪಿದರೆ ದಖ್ಖನಿನ ಯಾವ ದೊರೆಗೂ ಉಳಿಗಾಲವಿರಲಿಲ್ಲ. 1510ರ ಫೆಬ್ರವರಿಯಲ್ಲಿ ಅಲ್ಬುಕರ್ಕನು ಅದನ್ನು ಹಿಡಿದನು. ವೃದ್ಧನಾದ ಯೂಸುಫನು ಕಾಲಹರಣ ಮಾಡಲಿಲ್ಲ. ಮೇ ತಿಂಗಳಿನಲ್ಲಿ ದೊಡ್ಡ ದಂಡಿನೊಡನೆ ಬಂದು ಪಟ್ಟಣವನ್ನು ಮರಳಿ ಪಡೆದನು. ಪೋರ್ಚುಗೀಸರು ಹಡಗುಗಳನ್ನೇರಿದರು. ಮಳೆಗಾಲದ ಬಿರುಗಾಳಿಯಿಂದ ಕಡಲಿಗೆ ಹೊರಡಲಾರದೆ, ದಡಕ್ಕೂ ಇಳಿಯಲಾರದೆ, ಹಸಿವಿನಿಂದ ಮಾಂಡೋವಿಯಲ್ಲಿಯೇ ತೊಳಲಿದರು.

ಆ ಜಯವನ್ನು ಯೂಸುಫನು ಹೆಚ್ಚು ದಿನ ಅನುಭವಿಸಲಿಲ್ಲ. ಅದೇ ವರ್ಷ ಅವನು ಕಣ್ಮುಚ್ಚಿದನು. ನವೆಂಬರ್ 25ರಂದು ಗೋವೆ ಮತ್ತೆ ಅಲ್ಬುಕರ್ಕನ ವಶವಾಯಿತು. ಮಗ ಇಸ್ಮಾಯಿಲನು ಇನ್ನೂ ಬಾಲಕ. ಆಡಳಿತವನ್ನು ವಹಿಸಿಕೊಂಡ ಕಮಾಲ್ ಖಾನನು ಸಿಂಹಾಸನಕ್ಕೇ ಕೈಚಾಚಿದನು. ಆ ಸಂಚನ್ನು ಮುರಿದು ಮಗನನ್ನು ಉಳಿಸಿಕೊಂಡವಳು ಯೂಸುಫನ ರಾಣಿ ಬೂಬೂಜಿ ಖಾನಂ. ಈಕೆ ಮುಕುಂದರಾವ್ ಎಂಬ ಮರಾಠಾ ನಾಯಕನ ಸೋದರಿ. ಕಂದನನ್ನು ಅರಮನೆಯ ಖಡ್ಗದಿಂದ ಕಾಪಾಡಿದ ತಾಯಿಯೊಬ್ಬಳು ಆ ಮನೆತನದಲ್ಲಿ ನಿಜವಾಗಿಯೂ ಇದ್ದಳು.

ಯೂಸುಫನ ಸಮಾಧಿ ರಾಜಧಾನಿಯಲ್ಲಿಲ್ಲ. ಇಂದಿನ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ, ಸೂಫಿ ಸಂತ ಚಂದಾ ಹುಸೇನಿಯವರ ದರ್ಗಾದ ಬಳಿ ಇದೆ.